ಲೆಕ್ಕದಲ್ಲಿಲ್ಲದ ಮನೆಯ ಕಟ್ಟಿಗೆ

"ಎಲ್ಲಾ ತುಟ್ಟಿ ಆಗೈತಿ" ಎಂದು ಯಾರಾದರೂ ನನ್ನೆದುರು ನಿಟ್ಟುಸಿರು ಬಿಟ್ಟರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಎಲ್ಲಾ ಅಂದರೆ ಏನು? ಯಾವ ಸಾಮಾನು, ಯಾವ ಅಂಗಡಿಯಲ್ಲಿ, ಯಾವಾಗಿನಿಂದ, ಎಷ್ಟು? ಈ ಪ್ರಶ್ನೆಗಳಿಗೆ ಹೆದರಿ ನನ್ನ ಸೊಸೆ ನನ್ನ ಮುಂದೆ ಸಂತೆಯ ಸುದ್ದಿಯನ್ನೇ ತೆಗೆಯುವುದಿಲ್ಲ. ಏನು ಮಾಡಲಿ, ನನ್ನ ಮನೆಯವರ ಹೊಟ್ಟೆ ತುಂಬಿಸಿದ್ದೇ ಆ ಪ್ರಶ್ನೆಗಳು.

ಐವತ್ತರ ದಶಕದ ಕೊನೆ. ಹೊಸ ರಾಜ್ಯವಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಬೆಲೆಗಳ ಲೆಕ್ಕ ಇಡುವ ಕಚೇರಿಯೊಂದರಲ್ಲಿ ನನಗೆ ತಾತ್ಕಾಲಿಕ ನೌಕರಿ ಸಿಕ್ಕಿತು. ದೇಶದ ಗಿರಣಿ ಊರುಗಳಲ್ಲಿ ಕೂಲಿಕಾರರ ಸಂಸಾರಕ್ಕೆ ಬೇಕಾದ ಸಾಮಾನುಗಳು ಎಷ್ಟು ಏರಿದವು, ಎಷ್ಟು ಇಳಿದವು ಎಂದು ನೋಡಿ, ಎಲ್ಲವನ್ನೂ ಕೂಡಿಸಿ ತಿಂಗಳಿಗೊಂದು ಅಂಕಿ ಹೊರಡಿಸುತ್ತಿದ್ದರು. ಆ ಅಂಕಿ ಏರಿದರೆ ಗಿರಣಿಯವರ ತುಟ್ಟಿಭತ್ಯೆ ಏರಬೇಕು. ಕಚೇರಿಯ ಗಂಡಸರು ಜೋಳ, ಬೇಳೆ, ಧೋತರ, ಸೀರೆಗಳನ್ನು ಮೊದಲೇ ಹಂಚಿಕೊಂಡಿದ್ದರು. ಕೊನೆಗೆ ಬಂದ ನನ್ನ ಪಾಲಿಗೆ ಉಳಿದದ್ದು ಉರುವಲು ಮತ್ತು ಬೆಳಕು. ಅಂದರೆ ಕಟ್ಟಿಗೆ, ಇದ್ದಲಿ, ಕುಳ್ಳು, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ. ಕೈ ಕಪ್ಪಾಗುವಂಥದ್ದೆಲ್ಲ ನನಗೇ ಬಂತು ನೋಡಿ.

ಆದರೂ ಆ ನೌಕರಿಯನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಮನೆ ಧಾರವಾಡದಲ್ಲಿ. ಅಪ್ಪ ಸಾಲಿ ಮಾಸ್ತರರಾಗಿದ್ದರು. ಕಣ್ಣು ಮಂಜಾಗುತ್ತ ಬಂದು, ಕೊನೆಗೆ ಹಲಗೆಯ ಮೇಲೆ ತಾವೇ ಬರೆದದ್ದು ತಮಗೇ ಕಾಣದಂತಾಗಿ, ನೌಕರಿ ಬಿಟ್ಟು ಮನೆಯಲ್ಲಿ ಕೂತಿದ್ದರು. ನನ್ನ ಬೆನ್ನಿಗೆ ಇಬ್ಬರು ತಂಗಿಯರು, ಇಬ್ಬರೂ ಓದುತ್ತಿದ್ದರು. ಕಾಕಾ ಆಗಾಗ ಬಂದು, "ಹುಡುಗಿ ಹಿಂಗ ಊರಾಗ ತಿರಗ್ಯಾಡೂದು ಛಲೋ ಅಲ್ಲ. ಒಂದು ಸ್ಥಳ ನೋಡೇನಿ, ಲಗೂ ಮುಗಿಸಿಬಿಡೂಣು" ಎನ್ನುತ್ತಿದ್ದರು. ಆ ಸ್ಥಳದ ವರನಿಗೆ ಮೊದಲ ಹೆಂಡತಿಯ ಮಕ್ಕಳು ನನ್ನ ತಂಗಿಯರಿಗಿಂತ ದೊಡ್ಡವರಿದ್ದರು. ನನ್ನ ಪಗಾರ ಬರುವವರೆಗೆ ಅಪ್ಪ "ನೋಡೂಣು" ಎನ್ನಬಹುದಿತ್ತು. ಪಗಾರ ನಿಂತರೆ ಆ ಮಾತೂ ನಿಲ್ಲುತ್ತಿತ್ತು, ತಂಗಿಯರ ಸಾಲಿಯೂ ನಿಲ್ಲುತ್ತಿತ್ತು.

ಕೆಲಸ ಎರಡು ಬಗೆಯದು. ವಾರಕ್ಕೊಮ್ಮೆ ದುರ್ಗದಬೈಲಿಗೂ ಅದರ ಹಿಂದಿನ ಕಟ್ಟಿಗೆ ಅಡ್ಡೆಗೂ ಹೋಗಿ ದರ ಕೇಳುವುದು ಒಂದು. ಅದೇ ಅಂಗಡಿ, ಅದೇ ಜಾತಿಯ ಕಟ್ಟಿಗೆ, ಅಷ್ಟೇ ತೂಕ. ಬದಲಿಸುವಂತಿಲ್ಲ. ಕಲಘಟಗಿ ಕಡೆಯಿಂದ ಚಕ್ಕಡಿಗಳು ಬಂದು ಕಟ್ಟಿಗೆ ಇಳಿಸುವ ಹೊತ್ತಿಗೆ ನಾನು ಅಲ್ಲಿ ನಿಂತಿರುತ್ತಿದ್ದೆ. ಅಡ್ಡೆಯ ಮಾಲಕ ಬಾಯಿಗೆ ಎಲೆಅಡಿಕೆ ಹಾಕಿಕೊಂಡೇ ಗೊಣಗುತ್ತಿದ್ದ. "ವಾರಾ ಬರ್ತೀರಿ, ದರಾ ಕೇಳ್ತೀರಿ, ಹೋಗ್ತೀರಿ. ಒಮ್ಮೆರೆ ಒಂದು ಮಣಾ ಕಟ್ಟಿಗಿ ಒಯ್ದೀರೇನ್ರಿ ಅಕ್ಕಾರ?" ಮಣ ಹೋಗಿ ಕಿಲೋ ಬಂದಿದೆ ಎಂದು ನಾನು ತಿದ್ದುತ್ತಿದ್ದೆ. ಅವನು ಇನ್ನೂ ಜೋರಾಗಿ ಮಣ ಎನ್ನುತ್ತಿದ್ದ.

ಎರಡನೆಯದು ಮನೆಮನೆಗೆ ಹೋಗುವ ಕೆಲಸ. ಕಟ್ಟಿಗೆಯ ದರ ಏರಿತು ಎಂದರೆ ಸಾಲದು, ಒಂದು ಸಂಸಾರ ಎಷ್ಟು ಕಟ್ಟಿಗೆ ಸುಡುತ್ತದೆ ಎಂದೂ ಗೊತ್ತಿರಬೇಕು. ಹೆಚ್ಚು ಸುಡುವ ಮನೆಗೆ ಏರಿಕೆಯ ಬಿಸಿ ಹೆಚ್ಚು ತಟ್ಟುತ್ತದೆ. ಅದಕ್ಕಾಗಿ ಗಿರಣಿಯ ಚಾಳದಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಕೆಲವು ಮನೆಗಳನ್ನು ಆರಿಸಿ ಕೊಟ್ಟಿದ್ದರು. ಬೆಳಿಗ್ಗೆ ಹೋಗಿ ಆ ಮನೆಯಲ್ಲಿರುವ ಕಟ್ಟಿಗೆಯನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ತೂಕ ಬರೆದುಕೊಳ್ಳಬೇಕು. ಮರುದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದನ್ನು ತೂಗಬೇಕು. ಕಡಿಮೆಯಾದದ್ದು ಒಲೆಗೆ ಹೋಯಿತು ಎಂದು ಲೆಕ್ಕ. ಹೀಗೆ ಒಂದು ವಾರ, ಮತ್ತೆ ಕೆಲವು ತಿಂಗಳು ಬಿಟ್ಟು ಒಂದು ವಾರ. ಗಂಡಸರನ್ನು ಅಡುಗೆಮನೆಗೆ ಬಿಡುವುದಿಲ್ಲ ಎಂಬ ಕಾರಣಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ಅಡುಗೆಮನೆಯ ಕತ್ತಲು ಮೂಲೆಗಳಲ್ಲಿ ಕಟ್ಟಿಗೆಯ ಹೊರೆ ಎತ್ತುವುದರಲ್ಲಿ ನನಗಿದ್ದ ಎರಡು ಸೀರೆಗಳೂ ಮಸಿಬಟ್ಟೆಯಾದವು.

ಚಾಳದ ತುದಿಮನೆಯಿಂದ ನನ್ನ ಸುತ್ತು ಶುರುವಾಗುತ್ತಿತ್ತು. ಆ ಮನೆಯ ಯಜಮಾನ ಗಿರಣಿಯ ನೂಲು ವಿಭಾಗದಲ್ಲಿದ್ದ. ಅವರು ಈಚೆಗಷ್ಟೇ ಬೌದ್ಧರಾಗಿದ್ದರು, ಗೋಡೆಯ ಮೇಲೆ ಬುದ್ಧನ ಹೊಸ ಪಟವಿತ್ತು. ಮನೆಯಾಕೆಯನ್ನು ನಾನು ತುದಿಮನೆಯಕ್ಕ ಎಂದೇ ಕರೆಯುತ್ತಿದ್ದೆ. ಮೊದಲ ದಿನ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತವಳನ್ನು ಆಕೆ ಮೇಲಿಂದ ಕೆಳಗೆ ನೋಡಿ, "ತೂಕ ಆಮ್ಯಾಲೆ ಮಾಡೀರಂತ. ಮೊದಲ ಒಂದೀಟು ಚಾ ಕುಡೀರಿ" ಎಂದರು. ಬೇಡ ಎಂದೆ. "ಬಿಸಲಾಗ ಬಂದೀರಿ, ಹಂಗ ಕಳಿಸಿದ್ರ ಮಂದಿ ಏನಂದಾರು?" ಎಂದು ಆರಿದ ಒಲೆಯನ್ನು ಊದತೊಡಗಿದರು. ಎರಡನೇ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ ಜಗಳವೇ ಆಗುತ್ತಿತ್ತು. ಕೆಲವು ಮನೆಗಳಲ್ಲಿ ಚಹಾದ ಜೊತೆ ಉಪ್ಪಿಟ್ಟೂ ಬರುತ್ತಿತ್ತು. ನಮ್ಮ ಅವ್ವ ದಿನಾ ಬೆಳಿಗ್ಗೆ ಬುತ್ತಿ ಕೊಡುವಾಗ, "ಯಾರ ಮನ್ಯಾಗೂ ಏನೂ ಬಾಯಾಗ ಹಾಕ್ಕೋಬ್ಯಾಡ" ಎಂದು ಕಟ್ಟಪ್ಪಣೆ ಮಾಡುತ್ತಿದ್ದಳು. ನಾನು ಹೂಂ ಎಂದು ರೈಲು ಹತ್ತಿ ಬಂದು, ಮಧ್ಯಾಹ್ನದ ಹೊತ್ತಿಗೆ ಅವ್ವನ ಬುತ್ತಿ ತಿನ್ನಲಾರದಷ್ಟು ಹೊಟ್ಟೆ ತುಂಬಿಸಿಕೊಂಡಿರುತ್ತಿದ್ದೆ.

ಮೊದಲ ಸುತ್ತಿನ ತೂಕಗಳನ್ನು ಕಚೇರಿಗೆ ಒಪ್ಪಿಸಿದ ಮೇಲೆ ಸಾಹೇಬರು ಕರೆದರು. ಅವರು ಮೈಸೂರು ಕಡೆಯವರು. ಕಟ್ಟಿಗೆಗೆ ಸೌದೆ ಎನ್ನುತ್ತಿದ್ದರು, ಚಿಮಣಿ ಎಣ್ಣೆಗೆ ಸೀಮೆಎಣ್ಣೆ. ಕೆಟ್ಟವರಲ್ಲ, ಆದರೆ ಲೆಕ್ಕ ತಪ್ಪಿದರೆ ಮುಖ ಗಂಟುಹಾಕಿಕೊಳ್ಳುವವರು. ಅವತ್ತು ಗಂಟು ಬಿಗಿಯಾಗಿಯೇ ಇತ್ತು.

"ಏನಮ್ಮ ಇದು? ಈ ಚಾಳಿನವರು ಸೌದೆ ತಿಂತಾರಾ?"

ಅವರು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

"ಇವರು ತಿಂಗಳಿಗೆ ಕೊಳ್ಳೋ ಸೌದೆ ಇಷ್ಟು ಅಂತ ನೀವೇ ಬರೆದಿದ್ದೀರಿ. ನೀವು ತೂಗಿರೋ ಪ್ರಕಾರ ದಿನಾ ಇಷ್ಟು ಸುಟ್ಟರೆ ತಿಂಗಳ ಅರ್ಧಕ್ಕೇ ಒಲೆ ಆರಬೇಕು. ಒಂದು ಮನೆಯಲ್ಲಲ್ಲ, ಎಲ್ಲಾ ಮನೆಯಲ್ಲೂ. ನಿಜ ಹೇಳಿ, ಹೋಗಿ ತೂಗಿದ್ರಾ, ಇಲ್ಲಾ ಮನೆಯಲ್ಲೇ ಕೂತು ಬರೆದ್ರಾ?"

ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಸೀರೆಯ ಮಸಿ ತೋರಿಸಬೇಕು ಅನಿಸಿತು. ಅಷ್ಟರಲ್ಲಿ ಆ ಹೆಚ್ಚಿನ ಕಟ್ಟಿಗೆ ಎಲ್ಲಿ ಹೋಯಿತು ಎಂಬುದು ಹೊಳೆಯಿತು. ಅದು ನನ್ನ ಹೊಟ್ಟೆಗೆ ಹೋಗಿತ್ತು. ಅಡುಗೆ ಮುಗಿಸಿ ಆರಿಸಿದ್ದ ಒಲೆಯನ್ನು ನನಗಾಗಿ ಮತ್ತೆ ಹೊತ್ತಿಸುತ್ತಿದ್ದರು. ಹಸಿ ಕಟ್ಟಿಗೆ ಹೊತ್ತಿ ಉರಿಯುವಷ್ಟರಲ್ಲಿ ಎಷ್ಟು ಸುಡಬೇಕೋ ಅಷ್ಟು ಸುಡುತ್ತಿತ್ತು. ಕಟ್ಟಿಗೆ ಅಳೆಯಲು ಹೋದವಳಿಗೇ ಕಟ್ಟಿಗೆ ಖರ್ಚಾಗುತ್ತಿತ್ತು, ಆ ಖರ್ಚನ್ನು ನಾನೇ ಶಿಸ್ತಾಗಿ ತೂಗಿ ಬರೆದುಕೊಂಡು ಬರುತ್ತಿದ್ದೆ.

ಚಹಾದ ಸಂಗತಿ ಹೇಳಿದೆ. ಸಾಹೇಬರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ಇನ್ನೊಂದು ಸುತ್ತು ಮಾಡಿ. ಯಾರ ಮನೆಯಲ್ಲೂ ಒಂದು ತೊಟ್ಟು ಟೀ ಕುಡಿಯಕೂಡದು. ತೂಕ ಸರಿಹೋದರೆ ಸರಿ. ಇಲ್ಲದಿದ್ರೆ ನಿಮ್ಮ ಅವಧಿ ಮುಂದುವರಿಸಿ ಅಂತ ನಾನು ಬರೆಯೋಕಾಗಲ್ಲಮ್ಮ" ಎಂದರು. ಆ ಸಂಜೆ ರೈಲಿನಲ್ಲಿ ಕಾಕಾ ನೋಡಿಟ್ಟ ಸ್ಥಳವೇ ಕಣ್ಣ ಮುಂದೆ ಕುಣಿಯುತ್ತಿತ್ತು.

ಮುಂದಿನ ಸುತ್ತಿನ ಮೊದಲ ದಿನ ತುದಿಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ಕೂತು ಆಗಲೇ ಕಟ್ಟಿಗೆ ಸೇರಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, "ಇವತ್ತ ಚಾ ಬ್ಯಾಡ್ರಿ. ಇನ್ನ ಮ್ಯಾಲೆ ಯಾವತ್ತೂ ಬ್ಯಾಡ್ರಿ" ಎಂದೆ. ಇಡೀ ರಾತ್ರಿ ಬಾಯಿಪಾಠ ಮಾಡಿದ ಮಾತು ಅದು, ಹಾಗೇ ಒರಟಾಗಿ ಹೊರಬಂತು.

ಅಕ್ಕನ ಕೈ ನಿಂತಿತು. ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

"ಇಷ್ಟ ದಿನಾ ಕುಡದ್ರಿ" ಎಂದರು. "ನಿಮ್ಮ ಮನ್ಯಾಗ ಯಾರರೆ ಏನರೆ ಅಂದ್ರೇನ್ರಿ?"

ಆಕೆ ಏನು ಕೇಳುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು. ಜಾತಿ ಬಿಟ್ಟು, ದೇವರನ್ನು ಬದಲಿಸಿ, ಹೊಸ ಪಟ ತಂದು ಗೋಡೆಗೆ ಹಾಕಿದ ಮನೆ ಅದು. ಯಾರು ಚಹಾ ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎಂದು ನೋಡುತ್ತಲೇ ಆಕೆ ಬೆಳೆದಿದ್ದರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಸಾಹೇಬರ ಮಾತು, ನೌಕರಿಯ ಮಾತು, ಅಪ್ಪನ ಕಣ್ಣು, ಕಾಕಾ ನೋಡಿಟ್ಟ ವರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತೆ.

ಅಕ್ಕ ಪೂರಾ ಕೇಳಿದರು. ಆಮೇಲೆ ನಗತೊಡಗಿದರು. "ಅಯ್ಯ, ಇಷ್ಟ ಹೌದಲ್ರಿ! ನಾ ಏನೋ ಅಂದಕೊಂಡಿದ್ದೆ. ಕಟ್ಟಿಗಿ ಲೆಕ್ಕದ ಮನೀದು ಆಗಬಾರದು, ಹೌದಿಲ್ಲೋ? ಬ್ಯಾರೇದವರದು ಆದ್ರ ನಡೀತೈತಿ?"

ನಾನು ಯೋಚಿಸಿದೆ. ನಿಯಮದ ಪ್ರಕಾರ ನಡೆಯುತ್ತಿತ್ತು.

ಅಕ್ಕ ಹಿತ್ತಲಿಗೆ ಹೋಗಿ ಚಾಳದ ಗೋಡೆಯ ಮೇಲಿಂದ ಕೂಗಿದರು. "ಭಾಬೀ! ಒಂದೀಟು ಚಾ ಇಡ್ರಿ. ನಮ್ಮ ಒಲಿ ಹಚ್ಚೂ ಹಂಗಿಲ್ಲ, ಸರಕಾರ ಬ್ಯಾಡ ಅಂದೈತಿ!"

ಗೋಡೆಯ ಆಚೆ ಕಲಾಯಿ ಮಾಡುವವರ ಮನೆ. ಗಂಡ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ಹೆಂಡತಿ ಅಂಗಳದಲ್ಲಿ ಕೂತು ಇದ್ದಲಿಯ ಬೆಂಕಿಗೆ ತಿದಿ ಒತ್ತುತ್ತಿದ್ದಳು. ಚಾಳದ ಹೆಂಗಸರಿಗೆಲ್ಲ ಆಕೆ ಭಾಬಿ. ಗಿರಣಿಯ ನೌಕರಿ ಇಲ್ಲದ ಮನೆಯಾದ್ದರಿಂದ ಅದು ನಮ್ಮ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಎರಡು ಕೈಗಳು ಕಾಣಿಸಿದವು, ಕೈಯಲ್ಲಿ ಬಿಸಿ ಚಹಾದ ಲೋಟ. ಮುಖ ಕಾಣಲಿಲ್ಲ, ಭಾಬಿ ಗಿಡ್ಡ. "ಸಕ್ಕರಿ ಸಾಕಾತೇನು ಕೇಳ್ರಿ ಅವರಿಗೆ" ಎಂಬ ದನಿ ಮಾತ್ರ ಬಂತು.

ಅಂದಿನಿಂದ ಚಾಳದ ಹೆಂಗಸರು ತಾವೇ ಒಂದು ಏರ್ಪಾಡು ಮಾಡಿಕೊಂಡರು. ಮನೆಮನೆಯ ಚಹಾ ಬಂದ್. ನನ್ನ ಸುತ್ತು ಮುಗಿದ ಮೇಲೆ ಎಲ್ಲರ ಪರವಾಗಿ ಭಾಬಿಯ ಒಲೆಯ ಮೇಲೆ ಒಂದೇ ಚಹಾ. ಸಕ್ಕರೆ ಒಬ್ಬರದು, ಚಹಾಪುಡಿ ಇನ್ನೊಬ್ಬರದು, ಹಾಲು ಮತ್ತೊಬ್ಬರದು. ಕಟ್ಟಿಗೆ ಮಾತ್ರ ಭಾಬಿಯದು. ಸಕ್ಕರೆಯ ಲೆಕ್ಕ ಬರೆಯುವವನು ನಮ್ಮ ಕಚೇರಿಯ ಇನ್ನೊಬ್ಬ, ಅವನ ಲೆಕ್ಕ ಕೆಟ್ಟರೆ ಅದು ಅವನ ತಲೆನೋವು ಎಂದು ನಾನು ಕಣ್ಣುಮುಚ್ಚಿ ಕುಡಿಯುತ್ತಿದ್ದೆ. ಒಂದು ದಿನ ಕೊಡೆ ತಂದಿಲ್ಲ ಎಂಬ ನೆಪ ಮಾಡಿ ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಭಾಬಿ ಬೈದೇ ಬಿಟ್ಟಳು. "ಮಳಿ ಬರತೈತಿ ಅಂತ ಓಡ್ತೀರಿ, ಆಕಾಶದಾಗ ಒಂದು ಮಾಡಾ ಇಲ್ಲ. ಸುಳ್ಳರೆ ಛಲೋತ್ನಂಗ ಹೇಳ್ರಿ!"

ಎರಡನೇ ಸುತ್ತಿನ ತೂಕ ಇಳಿಯಿತು. ಆದರೆ ಸಾಹೇಬರ ಸಂಶಯ ಅಷ್ಟು ಬೇಗ ಇಳಿಯಲಿಲ್ಲ. ಮೊದಲು ಬೇಕಾದಷ್ಟು ಏರಿಸಿ ಬರೆದವಳು ಈಗ ಬೇಕಾದಷ್ಟು ಇಳಿಸಿ ಬರೆದಿರಬಹುದಲ್ಲ ಎಂದು ಅವರ ತರ್ಕ. ತಾವೇ ಚಾಳಕ್ಕೆ ಬಂದರು. ಸೂಟು ಹಾಕಿಕೊಂಡು, ಹೆಂಗಸರು ಹೊರಗೆ ತಂದಿಟ್ಟ ಕಟ್ಟಿಗೆಯ ಹೊರೆಯನ್ನು ತಾವೇ ಎತ್ತಿ ತಕ್ಕಡಿಗೆ ಹಾಕಿದರು. ಮರುದಿನವೂ ಬಂದು ಉಳಿದದ್ದನ್ನು ತೂಗಿದರು. ನಾನು ಪಕ್ಕದಲ್ಲಿ ನಿಂತು ಒಳಗೊಳಗೇ ಬೆವರುತ್ತಿದ್ದೆ. ಹೆಂಗಸರು ಒಬ್ಬರಾದ ಮೇಲೊಬ್ಬರು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು. ಅಷ್ಟು ದೊಡ್ಡ ಸಾಹೇಬರು ಮನೆಗೆ ಬಂದರೂ ಒಲೆ ಹೊತ್ತಿಸದೆ ಕೈಕಟ್ಟಿ ಕೂಡುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ನನ್ನ ಸಲುವಾಗಿ ಅದನ್ನೂ ತಡೆದುಕೊಂಡರು.

ಕೊನೆಯ ಮನೆಯ ತೂಕ ಮುಗಿದಾಗ ಗೋಡೆಯ ಮೇಲೆ ಕೈ ಕಾಣಿಸಿತು. ಈ ಸಲ ಎರಡು ಲೋಟ.

ಸಾಹೇಬರ ಹುಬ್ಬು ಮೇಲೇರಿತು. "ಇದು ಯಾರ ಸೌದೆಯಲ್ಲಿ ಕಾಸಿದ ಟೀ?"

ಗೋಡೆಯ ಆಚೆಯಿಂದ ಉತ್ತರ ಬಂತು. "ನಮ್ದರಿ ಸಾಹೇಬ್ರ. ನಮ್ಮ ಮನಿ ನಿಮ್ಮ ಲೆಕ್ಕದಾಗ ಇಲ್ಲರಿ. ಕಾಳಜಿ ಮಾಡಬ್ಯಾಡ್ರಿ, ಕುಡೀರಿ."

ಸಾಹೇಬರು ಒಂದು ಕ್ಷಣ ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಕಚೇರಿಯಲ್ಲಿ ಯಾರೂ ಕಂಡಿರದ ನಗು. ಅಂಗಳದ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಲೋಟ ಖಾಲಿಯಾದ ಮೇಲೆ ಸಂಕೋಚದಿಂದ, "ಇನ್ನೊಂದು ಸ್ವಲ್ಪ ಸಿಗತ್ತಾ ಕೇಳಿ" ಎಂದರು. ತಿಂಗಳ ಕೊನೆಗೆ ನನ್ನ ನೌಕರಿ ಮುಂದುವರಿಯಿತು, ಮುಂದಿನ ವರ್ಷ ಕಾಯಂ ಆಯಿತು. ಅಪ್ಪ ಆ ಆದೇಶವನ್ನು ಓದಲಾರದೆ ಬೆರಳಿನಿಂದ ಸವರಿ ನೋಡಿದರು. ಕಾಕಾ ಆ ಸ್ಥಳದ ಮಾತು ಮತ್ತೆ ಎತ್ತಲಿಲ್ಲ.

ನನ್ನ ತಂಗಿಯರಲ್ಲಿ ಒಬ್ಬಳು ಡಾಕ್ಟರಾದಳು, ಇನ್ನೊಬ್ಬಳು ಕಾಲೇಜಿನಲ್ಲಿ ಕಲಿಸಿದಳು. ಯಾರ ಪುಣ್ಯ ಎಂದು ನಮ್ಮ ಕಡೆ ಕೇಳುತ್ತಾರಲ್ಲ, ನನಗೆ ಅದರ ಉತ್ತರ ಗೊತ್ತಿದೆ. ಆ ಚಾಳದ ಹೆಂಗಸರ ಪುಣ್ಯ. ಅವರು ನನಗೆ ಯಾವ ಸಂಬಂಧಿಕರೂ ಅಲ್ಲ. ಅವರ ಋಣವನ್ನು ನೆನೆಯದೆ ನಾನು ಇಂದಿಗೂ ಬೆಳಗಿನ ಚಹಾ ಕುಡಿಯುವುದಿಲ್ಲ.

ಅರವತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ನನ್ನ ಕೆಲಸ ಜೋರಾಯಿತು. ಮೊದಲು ತಿಂಗಳುಗಟ್ಟಲೆ ‘ಬದಲಾವಣೆ ಇಲ್ಲ’ ಎಂದು ಬರೆಯುತ್ತಿದ್ದವಳು ಈಗ ವಾರವಾರ ಹೊಸ ದರ ಬರೆಯತೊಡಗಿದೆ. ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಪಾಳಿ ನಿಲ್ಲುವ ದಿನಗಳು ಬಂದವು. ಕಟ್ಟಿಗೆ ಚಕ್ಕಡಿಗಳು ಕಡಿಮೆಯಾದವು. ಇದ್ದಲಿಯಂತೂ ಮುಟ್ಟಿದರೆ ಕೈ ಸುಡುವ ಹಾಗೆ ಏರಿತು. ಅಡ್ಡೆಯ ಮಾಲಕನೂ ಗೊಣಗುವುದನ್ನು ಬಿಟ್ಟು, "ಬರಕೋರಿ ಅಕ್ಕಾರ, ಬರಕೋರಿ, ದಿಲ್ಲಿಗೆ ಗೊತ್ತಾಗಲಿ" ಎನ್ನತೊಡಗಿದ. ನಾನು ಬರೆದೆ. ಬೇರೆ ಬೇರೆ ಊರುಗಳಲ್ಲಿ ನನ್ನಂಥವರೂ ಬರೆದರು. ಎಲ್ಲ ಕೂಡಿ ಆ ತಿಂಗಳ ಅಂಕಿ ಏರಿತು. ಬಹಳ ಜಗ್ಗಾಟವಾಗಿ ಕೊನೆಗೆ ಗಿರಣಿಯವರ ತುಟ್ಟಿಭತ್ಯೆ ಏರಿತು.

ಸುದ್ದಿ ಬಂದ ದಿನ ನಾನು ಚಾಳಕ್ಕೆ ಹೋದೆ. ತುದಿಮನೆಯಕ್ಕ ಬಾಯಿಗೆ ಸಕ್ಕರೆ ಹಾಕಿದರು. "ನೀವು ಬರಕೊಂಡಿದ್ದು ನಮ್ಮ ಪಗಾರಕ್ಕ ಬಂತ್ರಿ!" ಎಂದು ನನ್ನ ಎರಡೂ ಕೈ ಹಿಡಿದು ಅಲುಗಾಡಿಸಿದರು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ನಗುತ್ತಲೇ ಗೋಡೆ ಸುತ್ತಿ ಭಾಬಿಯ ಮನೆಗೆ ಹೋದೆ.

ಅಂಗಳದಲ್ಲಿ ತಿದಿ ಸುಮ್ಮನಿತ್ತು. ಇದ್ದಲಿ ಕೊಂಡು ಕಲಾಯಿ ಹಾಕಿದರೆ ಕೂಲಿ ಹುಟ್ಟುತ್ತಿರಲಿಲ್ಲ. ಕೂಲಿ ಏರಿಸಿದರೆ ಜನ ಅಲ್ಯುಮಿನಿಯಂ ಪಾತ್ರೆ ಕೊಳ್ಳುತ್ತೇವೆ ಎನ್ನುತ್ತಿದ್ದರು. ಆಕೆಯ ಗಂಡ ಪಾತ್ರೆ ಹುಡುಕಿಕೊಂಡು ಬೆಂಗೇರಿ ಕಡೆ ಹೋಗಿದ್ದ. ಭಾಬಿ ಚಾಳದ ಗದ್ದಲವನ್ನು ಆಗಲೇ ಕೇಳಿಸಿಕೊಂಡಿದ್ದಳು.

"ಆ ತುಟ್ಟಿಭತ್ಯೆ ಅಂತಾರಲ್ರಿ, ಅದು ನಮಗೂ ಬರತೈತೇನ್ರಿ?"

"ಇಲ್ಲರಿ ಭಾಬಿ" ಎಂದೆ. "ಅದು ಗಿರಣ್ಯಾಗ ಇದ್ದವರಿಗೆ ಅಷ್ಟ."

ಭಾಬಿ ತಿದಿಯ ಮೇಲಿನ ಬೂದಿಯನ್ನು ಸೆರಗಿನಿಂದ ಒರೆಸಿದಳು.

"ಇದ್ದಲಿ ತುಟ್ಟಿ ಆಗಿದ್ದು ಬರದೀರಲ್ರಿ?"

"ಬರದೇನ್ರಿ."

"ಖರೇನ ಬರದೀರಿ? ಎಷ್ಟೈತಿ ಅಷ್ಟು?"

"ಎಷ್ಟೈತಿ ಅಷ್ಟೂ ಬರದೇನ್ರಿ."

"ಹಂಗಾದ್ರ ಛಲೋ ಆತು. ಕೂಡ್ರಿ" ಎಂದು ಒಳಗೆ ಹೋಗಿ, ಮೂಲೆಯಲ್ಲಿ ಉಳಿದಿದ್ದ ಕಟ್ಟಿಗೆಯಿಂದ ಎರಡು ತುಂಡು ತೆಗೆದು ಒಲೆಗಿಟ್ಟು ಊದತೊಡಗಿದಳು.

ಆ ವಾರ ಕಟ್ಟಿಗೆಯ ದರ ಹುಬ್ಬಳ್ಳಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಎರಡು ತುಂಡಿನ ಬೆಲೆ ಎಷ್ಟು ಎಂದು ತಕ್ಕಡಿ ಇಲ್ಲದೆಯೇ ಹೇಳಬಲ್ಲವಳಾಗಿದ್ದೆ. ಬೇಡ ಎನ್ನಲು ಬಾಯಿ ತೆರೆದು ಹಾಗೇ ಮುಚ್ಚಿದೆ. ಅಂಗಳದಲ್ಲಿ ಕೂತು ಲೋಟದ ತಳ ಕಾಣುವವರೆಗೆ ಕುಡಿದೆ.